ಗಣಿ ಮುಚ್ಚಿದ ಮೇಲೂ ಹರಿಯುವ ನೀರು

ನಾನು ಹುಟ್ಟಿ ಬೆಳೆದಿದ್ದು ಕೆ.ಜಿ.ಎಫ್.ನ ಚಾಂಪಿಯನ್ ರೀಫ್‌ನಲ್ಲಿ. ಮನೆಯ ಹಿಂದೆ ಸೈನೈಡ್ ದಿಬ್ಬ. ಅದಿರನ್ನು ಹಿಟ್ಟಿನ ಹಾಗೆ ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ತೆಗೆದುಕೊಂಡು, ಉಳಿದ ಪುಡಿಯನ್ನು ಸುರಿದ ಗುಡ್ಡ ಅದು. ಆಷಾಢದ ಗಾಳಿ ಎದ್ದರೆ ಅಮ್ಮ ನೀರಿನ ಕೊಡಕ್ಕೆ ಒದ್ದೆ ಬಟ್ಟೆ ಮುಚ್ಚುತ್ತಿದ್ದರು. ಊಟಕ್ಕೆ ಕೂತರೆ ಅನ್ನದಲ್ಲಿ ಹಲ್ಲಿಗೆ ಸಣ್ಣಗೆ ಮರಳು ಸಿಗುತ್ತಿತ್ತು. ಅಪ್ಪ ಭೂಮಿಯ ಕೆಳಗೆ ಕೆಲಸ ಮಾಡಿದವರು. ಕೊನೆಯ ವರ್ಷಗಳಲ್ಲಿ ಅವರ ಕೆಮ್ಮು ನಿಲ್ಲಲೇ ಇಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ದಿಬ್ಬ ಇನ್ನೂ ಅಲ್ಲೇ ಇದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದೆ. ಟೋಕಿಯೊದಲ್ಲಿ ಕೆಲಸದಲ್ಲಿರುವ ತಂಗಿಯ ಮಗ ಕಿರಣ "ದೊಡ್ಡಮ್ಮ, ಒಂದ್ಸಲ ಬನ್ನಿ. ಚೆರ್ರಿ ಹೂ ನೋಡಬಹುದು" ಎಂದು ಕರೆಯುತ್ತಲೇ ಇದ್ದ. "ಹೂವೂ ನೋಡೋಣ. ಆದರೆ ನನಗೆ ಎರಡು ಹಳೇ ಗಣಿ ತೋರಿಸು" ಎಂದೆ. ಅವನು ಆರು ದಿನ ರಜೆ ಹಾಕಿದ. ಏಪ್ರಿಲ್ ಕೊನೆಯಲ್ಲಿ ಹೊರಟೆವು.

ಮೊದಲ ದಿನ: ಕಿರ್ಯುನಿಂದ ಆಶಿಯೊಗೆ

ಟೋಕಿಯೊದಿಂದ ಉತ್ತರಕ್ಕೆ ಕಿರ್ಯು ಊರು. ಅಲ್ಲಿಂದ ವತರಾಸೆ ನದಿಯ ಕಣಿವೆಯಲ್ಲಿ ಒಂದು ಪುಟ್ಟ ರೈಲು ಹೋಗುತ್ತದೆ. 44 ಕಿಲೋಮೀಟರ್ ದಾರಿ. ಇಂದು ಪ್ರವಾಸಿಗಳು ಕಿಟಕಿಗೆ ಅಂಟಿಕೊಂಡು ಫೋಟೊ ತೆಗೆಯುವ ಈ ದಾರಿಯನ್ನು 1910ರ ದಶಕದಲ್ಲಿ ಹಾಕಿದ್ದು ಆಶಿಯೊ ಗಣಿಯ ತಾಮ್ರ ಸಾಗಿಸುವುದಕ್ಕೆ. ಪಕ್ಕದಲ್ಲೇ ನದಿ. ನೀರು ತಿಳಿಹಸಿರು. ಬಿಳಿ ಬಂಡೆಗಳು. ನೋಡಿದರೆ ಕುಡಿಯಬೇಕು ಅನ್ನಿಸುತ್ತದೆ.

ತ್ಸುದೊ ನಿಲ್ದಾಣದಲ್ಲಿ ಇಳಿದಾಗ ಮಧ್ಯಾಹ್ನ. ಪ್ಲಾಟ್‌ಫಾರಂನಲ್ಲಿ ನಾವಿಬ್ಬರೇ. 1916ರಲ್ಲಿ ಈ ಊರಿನಲ್ಲಿ 38,000ಕ್ಕೂ ಜಾಸ್ತಿ ಜನ ಇದ್ದರು. ತೊಚಿಗಿ ಜಿಲ್ಲೆಯಲ್ಲಿ ಉತ್ಸುನೊಮಿಯ ಬಿಟ್ಟರೆ ಇದೇ ದೊಡ್ಡ ಊರು. ಈಗ ರಸ್ತೆಯಲ್ಲಿ ಅರ್ಧ ಮನೆಗಳಿಗೆ ಬೀಗ. ಸಾಲುಮನೆಗಳನ್ನು ನೋಡಿ ನನಗೆ ನಮ್ಮ ಲೈನ್ ಮನೆಗಳ ನೆನಪಾಯಿತು. ಅದೇ ಒಂದೇ ಅಳತೆಯ ಬಾಗಿಲು, ಅದೇ ತಗಡಿನ ಚಾವಣಿ, ಕೊನೆಗೊಂದು ಎಲ್ಲರಿಗೂ ಸೇರಿದ ಕೊಳಾಯಿ.

ಹಳೆಯ ಸುರಂಗದೊಳಗೆ ಸಣ್ಣ ಟ್ರಾಲಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಒಳಗೆ ತಣ್ಣಗೆ, ನೀರು ತೊಟ್ಟಿಕ್ಕುವ ಸದ್ದು. ಉಳಿ ಸುತ್ತಿಗೆ ಹಿಡಿದ ಹಳೇ ಕಾಲದವರು, ಯಂತ್ರ ಹಿಡಿದ ಹೊಸ ಕಾಲದವರು, ಎಲ್ಲರ ಗೊಂಬೆಗಳನ್ನೂ ಇಟ್ಟಿದ್ದಾರೆ. ಇಲ್ಲಿ ಕೊರೆದ ಸುರಂಗಗಳನ್ನೆಲ್ಲ ಉದ್ದಕ್ಕೆ ಜೋಡಿಸಿದರೆ 1,234 ಕಿಲೋಮೀಟರ್ ಆಗುತ್ತದಂತೆ. ನಾನು ಗೊಂಬೆಯ ಮುಖಕ್ಕಿಂತ ಜಾಸ್ತಿ ಅದರ ಕಾಲ ಬಳಿಯ ನೀರಿನ ಕಾಲುವೆಯನ್ನೇ ನೋಡುತ್ತಾ ನಿಂತೆ. ಗಣಿಯಲ್ಲಿ ಹುಟ್ಟಿ ಬೆಳೆದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಗಣಿಯ ನೀರು ಎಲ್ಲಿಗೆ ಹೋಗುತ್ತದೆ?

ಉತ್ತರ ಊರಿನಲ್ಲೇ ಇತ್ತು. ನಕಸಾಯ್ ಎನ್ನುವ ಕಡೆ ನೀರು ಶುದ್ಧ ಮಾಡುವ ಘಟಕ ಇದೆ. ಗಣಿಯಿಂದ ಬರುವ ಹುಳಿ ನೀರಿಗೆ ಸುಣ್ಣ ಬೆರೆಸುತ್ತಾರೆ. ಕರಗಿದ ಲೋಹ ಕೆಸರಾಗಿ ತಳಕ್ಕೆ ಕೂರುತ್ತದೆ. ತಿಳಿನೀರನ್ನು ನದಿಗೆ ಬಿಡುತ್ತಾರೆ. ಘಟಕ ಶುರುವಾಗಿದ್ದು 1897ರಲ್ಲಿ. ಗಣಿ ಮುಚ್ಚಿದ್ದು 1973ರಲ್ಲಿ. ಘಟಕ ಇವತ್ತಿಗೂ ನಡೆಯುತ್ತಿದೆ.

ಕಾರಣ ಸರಳ, ನಮ್ಮ ಒಂಬತ್ತನೇ ತರಗತಿ ಮಕ್ಕಳಿಗೂ ಹೇಳಬಹುದು. ತಾಮ್ರದ ಅದಿರಿನಲ್ಲಿ ಗಂಧಕ ಇರುತ್ತದೆ. ಬಂಡೆ ಒಡೆದ ಮೇಲೆ ಅದಕ್ಕೆ ಗಾಳಿ, ನೀರು ತಾಗುತ್ತದೆ. ಗಂಧಕ ನಿಧಾನವಾಗಿ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಆ ಆಮ್ಲ ಬಂಡೆಯೊಳಗಿನ ತಾಮ್ರ, ಸತು, ಕ್ಯಾಡ್ಮಿಯಂ, ಆರ್ಸೆನಿಕ್ ಎಲ್ಲವನ್ನೂ ಕರಗಿಸಿಕೊಂಡು ಹೊರಗೆ ಹರಿಯುತ್ತದೆ. ಕೆಲಸಗಾರರು ಮನೆಗೆ ಹೋದರು ಅಂತ ಅದು ನಿಲ್ಲುವುದಿಲ್ಲ. ಹಾಗಾಗಿ ಸುಣ್ಣ ಹಾಕುವವರೂ ಮನೆಗೆ ಹೋಗುವ ಹಾಗಿಲ್ಲ.

ಆ ಕೆಸರನ್ನು ಏನು ಮಾಡುತ್ತಾರೆ ಎಂದು ಕಿರಣನಿಂದ ಕೇಳಿಸಿದೆ. ಊರಿನ ಮೇಲಿನ ಗುಡ್ಡದಲ್ಲಿ ಸುನೊಕೊಬಾಶಿ ಎನ್ನುವ ಕಣಿವೆಗೆ ಕಟ್ಟೆ ಕಟ್ಟಿ ಅಲ್ಲಿ ತುಂಬುತ್ತಿದ್ದಾರೆ. ಹೊರಗಿನವರನ್ನು ಬಿಡುವುದಿಲ್ಲ. ಆ ರಾತ್ರಿ ಮಲಗಿದ್ದ ಕೋಣೆಯ ಕಿಟಕಿಯಿಂದ ಅದೇ ಗುಡ್ಡದ ಕಪ್ಪು ನೆರಳು ಕಾಣುತ್ತಿತ್ತು.

ಎರಡನೇ ದಿನ: ಮತ್ಸುಕಿ ಕಣಿವೆ

ಬೆಳಿಗ್ಗೆ ಕೊನೆಯ ನಿಲ್ದಾಣ ಮತೊದಿಂದ ನಡೆದೇ ಹೊರಟೆವು. ಎಡಕ್ಕೆ ಹಳೆಯ ಕುಲುಮೆಯ ಜಾಗ. ಹೆಚ್ಚಿನ ಕಟ್ಟಡಗಳು ಹೋಗಿವೆ, ದೊಡ್ಡ ಹೊಗೆ ಕೊಳವೆ ಇನ್ನೂ ನಿಂತಿದೆ.

ಇಲ್ಲಿ ತಾಮ್ರ ಇರುವುದು 1610ರಿಂದ ಗೊತ್ತಿತ್ತು. ಆದರೆ 1877ರಲ್ಲಿ ಫುರುಕಾವ ಇಚಿಬೆ ಗಣಿಯನ್ನು ಕೊಂಡುಕೊಂಡ ಮೇಲೆ ಎಲ್ಲ ಬದಲಾಯಿತು. 1880ರ ದಶಕದಲ್ಲಿ ಹೊಸ ಅದಿರು ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಇದು ಜಪಾನಿನ ಅತಿ ದೊಡ್ಡ ತಾಮ್ರದ ಗಣಿ. ಸುರಂಗದ ಕಂಬಕ್ಕೆ, ಕುಲುಮೆಯ ಉರಿಗೆ ಸುತ್ತಲಿನ ಕಾಡು ಕಡಿದರು. ಉಳಿದ ಮರಗಳನ್ನು ಕುಲುಮೆಯ ಸಲ್ಫರ್ ಡೈಆಕ್ಸೈಡ್ ಹೊಗೆ ಸುಟ್ಟಿತು. ಮರ ಹೋದ ಮೇಲೆ ಮಳೆಗೆ ಮಣ್ಣೂ ಕೊಚ್ಚಿಹೋಯಿತು. ಕೊನೆಗೆ ಬಂಡೆ ಮಾತ್ರ.

ಮೂರು ಹೊಳೆಗಳು ಸೇರುವಲ್ಲಿ ದೊಡ್ಡ ಕಟ್ಟೆ. ನೀರು ಹಿಡಿಯುವುದಕ್ಕಲ್ಲ, ಬೆಟ್ಟದಿಂದ ಜಾರುವ ಕಲ್ಲುಮಣ್ಣು ತಡೆಯುವುದಕ್ಕೆ. ಅದರಾಚೆ ಮತ್ಸುಕಿ ಕಣಿವೆ ತೆರೆದುಕೊಳ್ಳುತ್ತದೆ. ಅಲ್ಲಿ ಒಂದು ಹಳ್ಳಿ ಇತ್ತು. ರೇಷ್ಮೆ ಹುಳು ಸಾಕುತ್ತಿದ್ದರು. ಹೊಗೆಗೆ ಹಿಪ್ಪುನೇರಳೆ ಒಣಗಿತು. ಹಿಪ್ಪುನೇರಳೆ ಒಣಗಿದರೆ ರೇಷ್ಮೆ ಇಲ್ಲ. ಕೋಲಾರದವಳಾದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1902ರ ಹೊತ್ತಿಗೆ ಹಳ್ಳಿಯೇ ಇಲ್ಲವಾಯಿತು.

ಕಣಿವೆಯ ಒಳಗೆ ಕೆಲವು ಸಮಾಧಿ ಕಲ್ಲುಗಳು ಉಳಿದಿವೆ. ಅವುಗಳ ಹತ್ತಿರದಲ್ಲೇ ಕುಲುಮೆಯ ಕಪ್ಪು ಕಿಟ್ಟದ ರಾಶಿ. ಗುಡ್ಡದಷ್ಟು ಎತ್ತರ, ಒಂದು ಹುಲ್ಲುಕಡ್ಡಿ ಇಲ್ಲ. ನಮ್ಮ ದಿಬ್ಬ ಹಳದಿ ಬಿಳುಪು, ಇದು ಕಪ್ಪು. ಬಣ್ಣ ಬೇರೆ ಅಷ್ಟೇ. ನಾನು ಸುಮ್ನೆ ಸ್ವಲ್ಪ ಹೊತ್ತು ಅಲ್ಲೇ ಕೂತೆ. ಕಿರಣನೂ ಏನೂ ಮಾತಾಡಲಿಲ್ಲ.

ಎದುರಿನ ಇಳಿಜಾರಿನಲ್ಲಿ ಮಾತ್ರ ಬೇರೆ ನೋಟ. ಎಳೆ ಹಸಿರು. ಬೆಟ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಗಿಡ ನೆಟ್ಟಿದ್ದಾರೆ. ಬಂಡೆಯ ಮೇಲೆ ಗಿಡ ನೆಡಬೇಕಾದರೆ ಮೊದಲು ಮಣ್ಣನ್ನೇ ಹೊತ್ತು ತರಬೇಕು. ಸರ್ಕಾರ ಹೆಲಿಕಾಪ್ಟರಿನಿಂದ ಬೀಜ ಚೆಲ್ಲಿತು. ಆಮೇಲೆ ಊರಿನವರು, ನದಿಯ ಕೆಳಗಿನ ರೈತರು, ಶಾಲೆ ಮಕ್ಕಳು ಬೆನ್ನ ಮೇಲೆ ಮಣ್ಣು ಹೊತ್ತು ಹತ್ತತೊಡಗಿದರು. ಈಗಲೂ ಪ್ರತಿ ವಸಂತದಲ್ಲಿ ಹತ್ತುತ್ತಾರೆ. ಸಸಿಗಳನ್ನು ಜಿಂಕೆ ತಿನ್ನದ ಹಾಗೆ ಬಲೆ ಕಟ್ಟಿದ್ದಾರೆ. ಹೊಗೆ ನಿಂತಿದ್ದು 1956ರಲ್ಲಿ ಹೊಸ ಬಗೆಯ ಕುಲುಮೆ ಬಂದು, ಗಂಧಕವನ್ನು ಹಿಡಿದು ಸಲ್ಫ್ಯೂರಿಕ್ ಆಮ್ಲ ಮಾಡಲು ಶುರುಮಾಡಿದ ಮೇಲೆ. ಹಳ್ಳಿ ಹೋಗಿ ಅರ್ಧ ಶತಮಾನ ಆದ ಮೇಲೆ!

ಯುದ್ಧದ ಕಾಲದಲ್ಲಿ ಇಲ್ಲಿ ಕೆಲಸಕ್ಕೆಂದು ಚೀನಾ ಮತ್ತು ಕೊರಿಯಾದವರನ್ನು ಬಲವಂತವಾಗಿ ತಂದಿದ್ದರು. ತುಂಬ ಜನ ಇಲ್ಲೇ ಸತ್ತರು. ಅವರ ನೆನಪಿನ ಕಂಬಗಳೂ ಆಶಿಯೊದಲ್ಲಿವೆ. ಗಣಿ ಊರುಗಳಲ್ಲಿ ಹೊರಗಿನಿಂದ ಬಂದವರ ಸಮಾಧಿಗಳೇ ಜಾಸ್ತಿ ಅಲ್ವಾ.

ಸಂಜೆ ರೈಲಿನಲ್ಲಿ ಕಿರ್ಯುಗೆ ವಾಪಸ್. ಹರಮುಕೊ ನಿಲ್ದಾಣ ದಾಟುವಾಗ ಕಿರಣ ಗುಡ್ಡದ ಕಡೆ ಕೈ ತೋರಿಸಿದ. ಗೆಂಗೊರೊಸಾವ ಎನ್ನುವ ಗಣಿತ್ಯಾಜ್ಯದ ರಾಶಿ ಅಲ್ಲಿದೆ. 1958ರಲ್ಲಿ ಅದು ಕುಸಿದು ಕೆಳಗಿನ ಗದ್ದೆಗಳಿಗೆ ವಿಷ ಹರಿಯಿತು. ಆಗ ಮೊರಿತ ಕಡೆಯ ರೈತರು ಹೋರಾಟ ಶುರುಮಾಡಿ, 1974ರಲ್ಲಿ 155 ಕೋಟಿ ಯೆನ್ ಪರಿಹಾರ ಪಡೆದರು. ಅಲ್ಲಿಗೆ ಮುಗಿಯಿತು ಅಂದುಕೊಂಡರೆ, 2011ರ ಮಾರ್ಚ್ 11ರ ಭೂಕಂಪಕ್ಕೆ ಅದೇ ರಾಶಿ ಮತ್ತೆ ಕುಸಿಯಿತು. ರೈಲು ಹಳಿಯ ಮೇಲೆ ಕೆಸರು ಬಿತ್ತು. ಕೆಳಗೆ ನದಿಯಲ್ಲಿ ಸೀಸ ಮಿತಿಯ ಎರಡು ಪಟ್ಟಿನ ಹತ್ತಿರಕ್ಕೆ ಬಂತು. ಇಡೀ ಲೋಕ ಫುಕುಶಿಮಾ ನೋಡುತ್ತಿದ್ದ ಆ ದಿನ, ಮೂವತ್ತೆಂಟು ವರ್ಷದ ಹಿಂದೆ ಮುಚ್ಚಿದ ಗಣಿಯೊಂದು ಇಲ್ಲಿ ಎದ್ದು ಕೂತಿತ್ತು.

ಮೂರನೇ ದಿನ: ಸಾನೊ, ಆಮೇಲೆ ಯನಕ

ಕಿರ್ಯುನಿಂದ ಸಾನೊಗೆ ರೈಲು. ಸಾನೊ ಊರಿನ ವಸ್ತು ಸಂಗ್ರಹಾಲಯದಲ್ಲಿ ಆಶಿಯೊ ಗಣಿಯ ವಿರುದ್ಧ ಹೋರಾಡಿದ ತನಾಕಾ ಶೋಜೊ ಅವರ ಕೋಣೆ ಇದೆ. ಈ ಪ್ರವಾಸದಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತಿದ್ದು ಆ ಕೋಣೆಯಲ್ಲಿ.

1841ರಲ್ಲಿ ಹುಟ್ಟಿದ, ಹಳ್ಳಿ ಯಜಮಾನನ ಮನೆಯ ಮನುಷ್ಯ. 1890ರಲ್ಲಿ ಜಪಾನಿನ ಮೊದಲ ಸಂಸತ್ತಿಗೆ ಆಯ್ಕೆಯಾದರು. ಅದೇ ವರ್ಷ ವತರಾಸೆ ನದಿಗೆ ದೊಡ್ಡ ಪ್ರವಾಹ. ನೀರು ಇಳಿದ ಮೇಲೆ ಗದ್ದೆಯಲ್ಲಿ ಪೈರು ಕೊಳೆತಿತ್ತು. ಅದಕ್ಕೆ ಮೊದಲೆಲ್ಲ ಪ್ರವಾಹ ಬಂದರೆ ರೈತರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಕಾಡಿನ ಗೊಬ್ಬರದ ಮಣ್ಣು ಬರುತ್ತಿತ್ತು. ಈಗ ಬಂದಿದ್ದು ಗಣಿಯ ಪುಡಿ. ರೈತರು ಮೇಲಿನ ಮಣ್ಣು ಕೆರೆದು ಹೊಲದ ಮೂಲೆಯಲ್ಲಿ ಗುಡ್ಡೆ ಹಾಕಿದರು. ಆ ಗುಡ್ಡೆಗಳಿಗೆ ಅವರೇ ಇಟ್ಟ ಹೆಸರು ದೊಕುಜುಕ. ಕಿರಣ ಅರ್ಥ ಹೇಳಿದ: "ವಿಷದ ದಿಬ್ಬ, ದೊಡ್ಡಮ್ಮ." ಅವನು ಬೇಕೆಂದೇ ಆ ಪದ ಆರಿಸಿದನೋ, ಬಾಯಿಗೆ ತಾನಾಗಿ ಬಂತೋ ಕೇಳಲಿಲ್ಲ. ಅವನೂ ನಮ್ಮ ಊರಿನವನೇ.

1891ರ ಡಿಸೆಂಬರಿನಲ್ಲಿ ತನಾಕಾ ಸಂಸತ್ತಿನಲ್ಲಿ ಗಣಿಯ ಬಗ್ಗೆ ಪ್ರಶ್ನೆ ಎತ್ತಿದರು. ಆಗಿನ ಕೃಷಿ ಮತ್ತು ವಾಣಿಜ್ಯ ಮಂತ್ರಿ ಮುತ್ಸು ಮುನೆಮಿತ್ಸು. ಅವರ ಎರಡನೇ ಮಗನನ್ನು ದತ್ತು ತೆಗೆದುಕೊಂಡಿದ್ದು ಗಣಿಯ ಒಡೆಯ ಫುರುಕಾವ. ಇದಕ್ಕಿಂತ ಜಾಸ್ತಿ ಹೇಳಬೇಕಾ? ಹತ್ತು ವರ್ಷ ಕೇಳಿದ್ದನ್ನೇ ಕೇಳಿದರು. 1900ರ ಫೆಬ್ರವರಿ 13ರಂದು ಟೋಕಿಯೊ ಕಡೆ ನಡೆದು ಹೊರಟ ಸಾವಿರಾರು ರೈತರನ್ನು ಕವಮತದಲ್ಲಿ ಪೊಲೀಸರು ಹೊಡೆದು ಚದುರಿಸಿದರು, ತುಂಬ ಜನರನ್ನು ಹಿಡಿದು ಹಾಕಿದರು. ಮುಂದಿನ ವರ್ಷ ತನಾಕಾ ಸಂಸತ್ ಸ್ಥಾನ ಬಿಟ್ಟರು. 1901ರ ಡಿಸೆಂಬರ್ 10ರಂದು ಚಕ್ರವರ್ತಿಯ ಗಾಡಿಯ ಮುಂದೆ ಮನವಿ ಪತ್ರ ಹಿಡಿದು ಓಡಿದರು. ಕೈಗೆ ಕೊಡುವ ಮೊದಲೇ ಕಾವಲಿನವರು ಹಿಡಿದರು.

ಆ ಪತ್ರ ಗಾಜಿನ ಹಿಂದೆ ಇದೆ. ಬರೆದುಕೊಟ್ಟಿದ್ದು ಪತ್ರಕರ್ತ ಕೊತೊಕು ಶೂಸುಯ್. ತನಾಕಾ ಅಲ್ಲಲ್ಲಿ ತಿದ್ದಿ, ತಿದ್ದಿದ ಕಡೆಯೆಲ್ಲ ಮುದ್ರೆ ಒತ್ತಿದ್ದಾರೆ. ಚಕ್ರವರ್ತಿಗೆ ತಲುಪದ ಆ ಕಾಗದವನ್ನು 2014ರ ಮೇ ತಿಂಗಳಲ್ಲಿ ಚಕ್ರವರ್ತಿ ಅಕಿಹಿತೊ ಇಲ್ಲಿಗೇ ಬಂದು ನೋಡಿದರು. 113 ವರ್ಷ ಆಗಿತ್ತು.

1913ರಲ್ಲಿ ತನಾಕಾ ತೀರಿಕೊಂಡಾಗ ಅವರ ಹತ್ತಿರ ಉಳಿದಿದ್ದು ಒಂದು ಬಟ್ಟೆ ಚೀಲ. ಒಳಗೆ ಬೈಬಲ್ಲಿನ ಹೊಸ ಒಡಂಬಡಿಕೆ, ದಿನಚರಿ ಪುಸ್ತಕಗಳು, ಬರೆಯುತ್ತಿದ್ದ ಹಾಳೆಗಳು, ದೇಶದ ಸಂವಿಧಾನ, ಸ್ವಲ್ಪ ಒಣಗಿದ ನದಿಯ ಪಾಚಿ, ಮೂರು ಬೆಣಚುಕಲ್ಲು. ನಡೆಯುವಾಗ ನದಿಯ ದಡದಲ್ಲಿ ಕಲ್ಲು ಆರಿಸುವ ಅಭ್ಯಾಸ ಇತ್ತು ಅವರಿಗೆ. ಆಸ್ತಿಯೆಲ್ಲ ಹೋರಾಟಕ್ಕೆ ಕರಗಿತ್ತು. ನಮ್ಮ ಅಪ್ಪನ ತಗಡಿನ ಪೆಟ್ಟಿಗೆಯಲ್ಲೂ ಒಂದು ಕಲ್ಲು ಇತ್ತು, ಕೆಳಗಿನಿಂದ ತಂದಿದ್ದು, ಬಿಳಿ ಬೆಣಚು. ಚಿನ್ನ ಏನೂ ಇರಲಿಲ್ಲ ಅದರಲ್ಲಿ.

ಮಧ್ಯಾಹ್ನ ಎರಡು ರೈಲು ಬದಲಿಸಿ ಫುಜಿಯೋಕ ಮುಟ್ಟಿ, ಅಲ್ಲಿಂದ ನಡೆದೆವು. ಕಣ್ಣು ಹಾಯುವಷ್ಟೂ ಜೊಂಡು. 33 ಚದರ ಕಿಲೋಮೀಟರ್. ಪ್ರವಾಹದ ನೀರು ಬಂದು ನಿಲ್ಲಲಿ ಎಂದು ಮಾಡಿದ ಜಾಗ ಇದು. ಗಣಿಯನ್ನು ನಿಲ್ಲಿಸುವ ಬದಲು ಸರ್ಕಾರ ನದಿಯನ್ನೇ ಹಿಡಿದಿಡಲು ಹೊರಟಿತು. ವಿಷ ಕೆಳಗೆ ಟೋಕಿಯೊ ಕಡೆ ಹೋಗದ ಹಾಗೆ ಇಲ್ಲೇ ಇಳಿಯಲಿ ಎಂದು. ಅದಕ್ಕೆ ಯನಕ ಎಂಬ ಹಳ್ಳಿ ಅಡ್ಡ ಇತ್ತು. ಸುಮಾರು 450 ಮನೆ, 2,700 ಜನ. ತನಾಕಾ 1904ರಲ್ಲಿ ಬಂದು ಇದೇ ಹಳ್ಳಿಯಲ್ಲಿ ಅವರ ಜೊತೆ ನೆಲೆಸಿದರು. ಕೊನೆಗೆ ಉಳಿದಿದ್ದು 16 ಮನೆ. 1907ರ ಜೂನ್ ಕೊನೆಯಿಂದ ಒಂದೊಂದೇ ಮನೆಯನ್ನು ಕೆಡವಿದರು. ಜನ ಮಳೆಯಲ್ಲಿ ಗುಡಿಸಲು ಕಟ್ಟಿಕೊಂಡು ಅಲ್ಲೇ ಕೂತರು. ಕೆಲವರು ದೂರದ ಹೊಕ್ಕೈಡೊದ ಚಳಿ ನೆಲಕ್ಕೆ ಹೋಗಿ ತಮ್ಮ ಹೊಸ ಊರಿಗೂ ತೊಚಿಗಿ ಎಂದೇ ಹೆಸರಿಟ್ಟರು.

ಈಗ ಇಲ್ಲಿ ಒಂದು ಕೆರೆ ಇದೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಪ್ರೇಮಿಗಳು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಆಕಾರ ಬಂದಿದ್ದು ಚೆಂದಕ್ಕಲ್ಲ. 1970ರ ದಶಕದಲ್ಲಿ ಕೆರೆ ತೋಡಲು ಬಂದ ಬುಲ್ಡೋಜರ್ ಮುಂದೆ ಹಳ್ಳಿಯವರ ಮಕ್ಕಳು ಮೊಮ್ಮಕ್ಕಳು ಹೋಗಿ ನಿಂತರು. ದೇವಸ್ಥಾನದ ಜಾಗ, ಸಮಾಧಿ, ಮನೆಗಳ ಗುರುತು ಇರುವ ನೆಲ ಬಿಟ್ಟು ಸುತ್ತ ತೋಡಬೇಕಾಯಿತು. ಆ ಬಿಟ್ಟ ಭಾಗವೇ ಹೃದಯದ ಮೇಲಿನ ಒಳಚುಚ್ಚು.

ಒಳಗೆ ಹೋದರೆ ಮರದ ನೆರಳು, ಸವೆದ ಸಮಾಧಿ ಕಲ್ಲು, "ಇಲ್ಲಿ ಇಂಥವರ ಮನೆ" ಎನ್ನುವ ಫಲಕಗಳು. ಜೊಂಡಿನೊಳಗೆ ಹಕ್ಕಿಗಳ ಗಲಾಟೆ. 2012ರಲ್ಲಿ ಇದು ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಜನರನ್ನು ಓಡಿಸಿದ ನೆಲ ಹಕ್ಕಿಗಳಿಗೆ ಮನೆಯಾಗಿದೆ. ಅದಕ್ಕೆ ಸಂತೋಷ ಪಡಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಎರಡೂ ಆಯಿತು.

ನಾಲ್ಕನೇ ದಿನ: ಟೊಯಾಮ

ಓಮಿಯದಲ್ಲಿ ಶಿಂಕಾನ್ಸೆನ್ ಬುಲೆಟ್ ರೈಲು ಹತ್ತಿ ಮಧ್ಯಾಹ್ನದೊಳಗೆ ಟೊಯಾಮ. ಹಿಮ ಹೊದ್ದ ಬೆಟ್ಟಗಳು ಊರಿನ ಹಿಂದೆ ಗೋಡೆಯ ಹಾಗೆ ನಿಂತಿವೆ. ನೇರವಾಗಿ ಇತಾಯಿ-ಇತಾಯಿ ಕಾಯಿಲೆಯ ಸಂಗ್ರಹಾಲಯಕ್ಕೆ ಹೋದೆವು. 2012ರಲ್ಲಿ ಜಿಲ್ಲಾಡಳಿತ ಕಟ್ಟಿದ್ದು. ಟಿಕೆಟ್ ಇಲ್ಲ.

"ಇತಾಯಿ" ಅಂದರೆ ನೋವು. "ಅಯ್ಯೋ ನೋವು, ನೋವು" ಎಂದು ಕೂಗುತ್ತಿದ್ದವರ ಮಾತೇ ಕಾಯಿಲೆಗೆ ಹೆಸರಾಯಿತು. ಜಿನ್ಜು ನದಿಯ ನೀರು ಕುಡಿದು, ಅದೇ ನೀರಿನಲ್ಲಿ ಬೆಳೆದ ಅನ್ನ ಉಂಡವರಿಗೆ ಬಂದಿದ್ದು. ಹೆಚ್ಚಿನವರು ಹೆಂಗಸರು, ಮಕ್ಕಳನ್ನು ಹೆತ್ತು ನಡುವಯಸ್ಸು ಮುಟ್ಟಿದವರು. ಮೊದಲು ಸೊಂಟ, ಭುಜ, ಮೊಣಕಾಲು ನೋವು. ಆಮೇಲೆ ಬಾತುಕೋಳಿಯ ಹಾಗೆ ನಡಿಗೆ. ಕೊನೆಗೆ ಕೆಮ್ಮಿದರೆ ಪಕ್ಕೆಲುಬು ಮುರಿಯುತ್ತಿತ್ತು. ಒಬ್ಬಾಕೆಯ ಮೈಯಲ್ಲಿ 72 ಕಡೆ ಮೂಳೆ ಮುರಿದಿತ್ತು. ಎತ್ತರ 30 ಸೆಂಟಿಮೀಟರ್ ಕಡಿಮೆಯಾಗಿತ್ತು.

ಕಾರಣ ಕ್ಯಾಡ್ಮಿಯಂ. ಇಲ್ಲಿ ನಾನು ಟೀಚರ್ ಆಗಿ ಮಾತಾಡುತ್ತೇನೆ. ಮೂವತ್ತು ವರ್ಷ ನಾನು ಸತುವಿನ ಚೂರಿಗೆ ಆಸಿಡ್ ಹಾಕಿ, ಹೈಡ್ರೋಜನ್ "ಪಟ್" ಎನ್ನುವುದನ್ನು ಮಕ್ಕಳಿಗೆ ತೋರಿಸಿದ್ದೇನೆ. ಆ ಸತು ಎಲ್ಲಿಂದ ಬರುತ್ತದೆ, ಅದರ ಜೊತೆ ಏನು ಬರುತ್ತದೆ ಅಂತ ಒಂದು ದಿನವೂ ಹೇಳಲಿಲ್ಲ. ಸತುವಿನ ಅದಿರಿನಲ್ಲಿ ಕ್ಯಾಡ್ಮಿಯಂ ಸ್ವಲ್ಪ ಇದ್ದೇ ಇರುತ್ತದೆ. ನದಿಯ ಮೇಲ್ಗಡೆ ಕಮಿಯೋಕದ ಗಣಿಯಲ್ಲಿ ಸತು ಮತ್ತು ಸೀಸ ತೆಗೆಯುತ್ತಿದ್ದರು. ಉಳಿದ ನುಣುಪು ಪುಡಿ ನದಿಗೆ ಹೋಯಿತು. ನದಿಯಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ, ಭತ್ತದ ಬೇರಿಗೆ. ಮನುಷ್ಯನ ಮೈಗೆ ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಕೂರುತ್ತದೆ. ಮೂತ್ರಪಿಂಡ ಕೆಟ್ಟರೆ ಮೂಳೆಗೆ ಬೇಕಾದ ಸತ್ವ ಮೂತ್ರದಲ್ಲಿ ಹೊರಟುಹೋಗುತ್ತದೆ. ಮೂಳೆ ಗಟ್ಟಿಯಾಗುವುದೇ ಇಲ್ಲ.

ಇದನ್ನು ಹಿಡಿದು ಕೂತವರು ಊರಿನ ವೈದ್ಯ ಹಗಿನೊ ನೊಬೊರು. ಯುದ್ಧದಿಂದ ವಾಪಸ್ ಬಂದು ಅಪ್ಪನ ಆಸ್ಪತ್ರೆ ನಡೆಸುತ್ತಿದ್ದರು. ಮೊದಲು ಅವರೂ ಕೆಲಸದ ಭಾರ, ಊಟದ ಕೊರತೆ ಅಂತಲೇ ಅಂದುಕೊಂಡಿದ್ದರು. ಆಮೇಲೆ ರೋಗಿಗಳ ಮನೆಗಳನ್ನು ನಕ್ಷೆಯಲ್ಲಿ ಗುರುತು ಮಾಡಿದರು. ಚುಕ್ಕೆಗಳೆಲ್ಲ ಜಿನ್ಜು ನದಿಯ ನೀರು ಹರಿಯುವ ಕಡೆ. 1957ರಲ್ಲಿ ಇದು ಗಣಿಯ ವಿಷ ಎಂದು ಹೇಳಿದರು. ಜನ ನಕ್ಕರು. ವಿಷದ ಅಕ್ಕಿ ಅಂದರೆ ಯಾರು ಕೊಳ್ಳುತ್ತಾರೆ, ಹೆಣ್ಣು ಕೊಡುವವರು ಯಾರು ಎಂದು ಊರಿನವರೇ ಸಿಟ್ಟಾದರು. ರೋಗಿ ಇರುವ ಮನೆಯವರು ಬಾಗಿಲು ಮುಚ್ಚಿ ಕಾಯಿಲೆ ಬಚ್ಚಿಟ್ಟರು. ಹಗಿನೊ ಅವರು ಕೃಷಿ ವಿಜ್ಞಾನಿ ಯೊಶಿಯೋಕ ಕಿನ್‌ಇಚಿ, ಒಕಯಾಮ ವಿಶ್ವವಿದ್ಯಾಲಯದ ಕೊಬಯಾಶಿ ಜುನ್ ಜೊತೆ ಸೇರಿ, 1961ರ ಹೊತ್ತಿಗೆ ಕ್ಯಾಡ್ಮಿಯಂ ಎಂದು ಹೆಸರಿಟ್ಟು ಹೇಳಿದರು. 1968ರ ಮೇ 8ರಂದು ಸರ್ಕಾರ ಒಪ್ಪಿತು. ಜಪಾನಿನಲ್ಲಿ ಸರ್ಕಾರ ಮಾಲಿನ್ಯದ ಕಾಯಿಲೆ ಎಂದು ಒಪ್ಪಿದ ಮೊದಲನೆಯದು ಇದು. ಮಿನಮಾತ ಊರಿನ ಪಾದರಸದ ಕಾಯಿಲೆಗಿಂತಲೂ ಮೊದಲು.

ನಕ್ಷೆಯ ಮುಂದೆ ಕಿರಣ ನಿಧಾನವಾಗಿ ಕೇಳಿದ. "ದೊಡ್ಡಮ್ಮ, ನಮ್ಮೂರಲ್ಲಿ ಇಂಥ ನಕ್ಷೆ ಯಾರಾದರೂ ಮಾಡಿದ್ದಾರಾ? ಯಾವ ಮನೇಲಿ ಕೆಮ್ಮು ಅಂತ?"

"ನಾನಂತೂ ನೋಡಿಲ್ಲ ಕಣಪ್ಪಾ" ಎಂದೆ. ಬೇರೆ ಏನು ಹೇಳಲಿ.

ಐದನೇ ದಿನ: ಕಮಿಯೋಕ

ಬಸ್ಸು ನದಿಯ ಜೊತೆಗೇ ಮೇಲೆ ಹತ್ತಿತು. ಇನೊತಾನಿ ಹತ್ತಿರ ಎರಡು ನದಿ ಸೇರಿ ಜಿನ್ಜು ಆಗುತ್ತದೆ. ಒಂದು ಮಿಯಾಗಾವ, ಇನ್ನೊಂದು ಗಣಿಯ ಕಡೆಯಿಂದ ಬರುವ ತಕಹಾರ.

ಕಮಿಯೋಕಕ್ಕೂ ನಮಗೂ ಒಂದು ನಂಟಿದೆ. ನಾನು ಚಿಕ್ಕವಳಾಗಿದ್ದಾಗ ಅಪ್ಪ "ಕೆಳಗೆ ಜಪಾನಿನವರು ಬಂದಿದ್ದಾರೆ, ಏನೋ ಕಾಣದ್ದನ್ನು ಹುಡುಕ್ತಾರೆ" ಎನ್ನುತ್ತಿದ್ದರು. ದೊಡ್ಡವಳಾದ ಮೇಲೆ ಗೊತ್ತಾಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯ ಸೇರಿ ಕೋಲಾರದ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದಿಂದ ಬರುವ ನ್ಯೂಟ್ರಿನೊಗಳ ಗುರುತು ಹಿಡಿದಿದ್ದರು. ನ್ಯೂಟ್ರಿನೊ ಅಂದರೆ ಬಂಡೆಯನ್ನೂ ತೂರಿ ಹೋಗುವ, ಕಣ್ಣಿಗೆ ಕಾಣದ ಸಣ್ಣ ಕಣ. ಆ ಕಣಗಳನ್ನು ಮೊದಲು ಕಂಡವರಲ್ಲಿ ಅವರೂ ಸೇರಿದ್ದಾರೆ. 1980ರ ದಶಕದಲ್ಲಿ ಪ್ರೋಟಾನ್ ಒಡೆಯುತ್ತದಾ ಎಂದು ಅಲ್ಲಿ ಕಾಯುತ್ತಿದ್ದ ಹೊತ್ತಿಗೇ, ಅದೇ ಪ್ರಶ್ನೆ ಇಟ್ಟುಕೊಂಡು ಕಮಿಯೋಕದ ಗಣಿಯೊಳಗೆ ನೀರಿನ ತೊಟ್ಟಿ ಕಟ್ಟಿದರು. ಈಗ ಅಲ್ಲಿರುವ ಸೂಪರ್-ಕಮಿಯೋಕಾಂಡೆ 1,000 ಮೀಟರ್ ಕೆಳಗೆ, 50,000 ಟನ್ ಶುದ್ಧ ನೀರಿನ ತೊಟ್ಟಿ. ಈ ಗಣಿಯಿಂದ ಎರಡು ನೊಬೆಲ್ ಬಂದವು, 2002ರಲ್ಲಿ ಕೊಶಿಬಾ ಅವರಿಗೆ, 2015ರಲ್ಲಿ ಕಜಿತಾ ಅವರಿಗೆ.

ರಸ್ತೆ ಬದಿಯ ವಿಜ್ಞಾನ ಕೇಂದ್ರದಲ್ಲಿ ಮಕ್ಕಳು ಓಡಾಡುತ್ತಿದ್ದರು. ಬೆಳಕು ಹಿಡಿಯುವ ದೊಡ್ಡ ಗಾಜಿನ ಬಲ್ಬುಗಳು ಗೋಡೆಯ ತುಂಬ. ನೋಡಿ ಕಣ್ಣು ತುಂಬಿ ಬಂತು. ಜಗತ್ತಿನ ಅತಿ ಶುದ್ಧ ನೀರುಗಳಲ್ಲಿ ಒಂದನ್ನು ಈ ಬೆಟ್ಟದ ಒಳಗೆ ಇಟ್ಟಿದ್ದಾರೆ. ಇದೇ ಬೆಟ್ಟದಿಂದ ಇಳಿದ ನೀರು ಕೆಳಗಿನ ಹೆಂಗಸರ ಮೂಳೆ ಕರಗಿಸಿತ್ತು.

ಕಮಿಯೋಕದಲ್ಲಿ ಅದಿರು ತೆಗೆಯುವುದು ನಿಂತಿದ್ದು 2001ರಲ್ಲಿ. ನಮ್ಮದು ಮುಚ್ಚಿದ ವರ್ಷವೇ. ಆದರೆ ಕಾರ್ಖಾನೆ ನಡೆಯುತ್ತಿದೆ. ಸತು ಕರಗಿಸುತ್ತಾರೆ, ಹಳೇ ಕಾರ್ ಬ್ಯಾಟರಿಗಳಿಂದ ಸೀಸ ತೆಗೆಯುತ್ತಾರೆ. ಬೆಟ್ಟದ ಮೇಲೆ ವಸಾಹೊ ಎನ್ನುವ ಕಡೆ ದೊಡ್ಡ ಗಣಿತ್ಯಾಜ್ಯದ ರಾಶಿ. ಮಳೆನೀರು ಅದರೊಳಗೆ ಹೋಗದ ಹಾಗೆ, ಹೋದ ನೀರು ಹಾಗೇ ಹೊರಗೆ ಬರದ ಹಾಗೆ ನೋಡಿಕೊಳ್ಳಬೇಕು. ಇಲ್ಲೂ ಮುಗಿಯದ ಕೆಲಸ.

ಊಟಕ್ಕೆ ಅಂಗಡಿಯಲ್ಲಿ ಅನ್ನದ ಉಂಡೆ ತೆಗೆದುಕೊಂಡೆವು. ಮಧ್ಯೆ ಉಪ್ಪು ಹುಳಿಯ ಉಮೆ ಕಾಯಿ. ನಮ್ಮ ಉಪ್ಪಿನಕಾಯಿ ಅನ್ನದ ಹಾಗೇ. ಈ ಆರು ದಿನವೂ ನನ್ನ ಹೊಟ್ಟೆ ತುಂಬಿಸಿದ್ದು ಇದೇ.

ಆರನೇ ದಿನ: ಫುಚು, ಗದ್ದೆಗಳು

ಹಯಹೊಶಿ ನಿಲ್ದಾಣದಲ್ಲಿ ಇಳಿದರೆ ಗದ್ದೆಗಳಿಗೆ ನೀರು ಕಟ್ಟಿದ್ದರು. ಹಿಮದ ಬೆಟ್ಟ ತಲೆಕೆಳಗಾಗಿ ಗದ್ದೆಯೊಳಗೆ ಕಾಣುತ್ತಿತ್ತು. ನಾಟಿಗೆ ಇನ್ನು ಕೆಲವೇ ದಿನ.

ಈ ಗದ್ದೆಯ ಮಣ್ಣು ಮೊದಲಿನದಲ್ಲ. ವಿಷ ಸೇರಿದ ಮೇಲ್ಮಣ್ಣನ್ನು ಕೆರೆದು, ಆಳಕ್ಕೆ ಹೂತು, ಮೇಲೆ ಕಲ್ಲುಮಣ್ಣಿನ ಗಟ್ಟಿ ಪದರ ಹಾಕಿ, ಅದರ ಮೇಲೆ ಬೆಟ್ಟದಿಂದ ತಂದ ಹೊಸ ಮಣ್ಣು ಹರಡಿದರು. 863 ಹೆಕ್ಟೇರ್. ಮೂವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು, 2012ರಲ್ಲಿ ಮುಗಿಯಿತು. ಖರ್ಚು ಸುಮಾರು 4,070 ಕೋಟಿ ಯೆನ್. ಗುದ್ದಲಿ ಜಾಸ್ತಿ ಆಳಕ್ಕೆ ಇಳಿಯಬಾರದು ಎನ್ನುವುದು ಇಲ್ಲಿನ ರೈತರಿಗೆ ಗೊತ್ತು.

ಸಂತ್ರಸ್ತರ ಸಂಘದ ಕಟ್ಟಡ ಸೇರ್ಯು ಕೈಕಾನ್ ಇಲ್ಲೇ ಇದೆ. ಕಿರಣ ಮೊದಲೇ ಫೋನ್ ಮಾಡಿ ಒಪ್ಪಿಗೆ ಕೇಳಿದ್ದ. ಒಬ್ಬ ಹಿರಿಯರು ಚಹಾ ಕೊಟ್ಟು ಕೂರಿಸಿದರು. ರೈತರು. ಕೈ ನೋಡಿದರೇ ಗೊತ್ತಾಗುತ್ತಿತ್ತು.

ಅವರು ಹೇಳಿದ್ದು ಮೊಕದ್ದಮೆ ಗೆದ್ದ ಕಥೆ. 1968ರಲ್ಲಿ ಹಾಕಿದ ಕೇಸು, 1971ರಲ್ಲಿ ಗೆಲುವು, ಕಂಪನಿಯ ಮೇಲ್ಮನವಿ, 1972ರ ಆಗಸ್ಟ್ 9ರಂದು ಕನಜಾವದ ಮೇಲಿನ ಕೋರ್ಟಿನಲ್ಲಿ ಮತ್ತೆ ಗೆಲುವು. ಆದರೆ ಅವರ ದನಿ ಏರಿದ್ದು ಮಾರನೆಯ ದಿನದ ಮಾತಿಗೆ. ಗೆದ್ದವರು ಮನೆಗೆ ಹೋಗಲಿಲ್ಲ. ಟೋಕಿಯೊದಲ್ಲಿ ಕಮಿಯೋಕ ಗಣಿಯ ಒಡೆಯರಾದ ಮಿತ್ಸುಯಿ ಗಣಿ ಕಂಪನಿಯ ಕಚೇರಿಗೆ ಹೋಗಿ ಕೂತರು. ಮೂರು ಕಾಗದಕ್ಕೆ ಸಹಿ ಹಾಕಿಸಿಕೊಂಡು ಎದ್ದರು. ಒಂದು ರೋಗಿಗಳ ಪರಿಹಾರಕ್ಕೆ. ಒಂದು ಮಣ್ಣಿಗೆ. ಮೂರನೆಯದು ಗಣಿಯ ಬಾಗಿಲಿಗೆ. ಊರಿನವರು ಯಾವಾಗ ಬೇಕಾದರೂ ತಮಗೆ ನಂಬಿಕೆಯಿರುವ ವಿಜ್ಞಾನಿಗಳನ್ನು ಕರೆದುಕೊಂಡು ಒಳಗೆ ಹೋಗಬಹುದು. ನೋಡಬಹುದು, ನೀರು ಹಿಡಿಯಬಹುದು, ಲೆಕ್ಕ ಕೇಳಬಹುದು. ಖರ್ಚು ಕಂಪನಿಯದು.

ಅಂದಿನಿಂದ ಪ್ರತಿ ವರ್ಷ ಒಳಗೆ ಹೋಗುತ್ತಾರೆ. ರೈತರು, ವಕೀಲರು, ಪ್ರಾಧ್ಯಾಪಕರು ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ನಿಂತಿರುವ ಫೋಟೊಗಳು ಗೋಡೆಯ ಮೇಲಿವೆ. ಹಳೆಯವು ಕಪ್ಪು ಬಿಳುಪು, ಹೊಸವು ಬಣ್ಣದವು. ನದಿಯ ಕ್ಯಾಡ್ಮಿಯಂ ಈಗ ಯಾವ ಗಣಿಯೂ ಇಲ್ಲದ ನದಿಯ ಮಟ್ಟಕ್ಕೆ ಇಳಿದಿದೆ. 2013ರ ಡಿಸೆಂಬರಿನಲ್ಲಿ ಕಂಪನಿ ತಪ್ಪೊಪ್ಪಿ ಕ್ಷಮೆ ಕೇಳಿ, ಎರಡೂ ಕಡೆಯವರು ಕೊನೆಯ ಒಪ್ಪಂದಕ್ಕೆ ಸಹಿ ಹಾಕಿದರು. ಒಳಗೆ ಹೋಗಿ ನೋಡುವುದು ಮಾತ್ರ ನಿಲ್ಲಿಸಲಿಲ್ಲ. ಕಾಯಿಲೆ ಬಂದವರೆಂದು ಸರ್ಕಾರ ಗುರುತಿಸಿದವರ ಸಂಖ್ಯೆ 200 ದಾಟಿದೆ. ಹೆಚ್ಚಿನವರು ಈಗ ಇಲ್ಲ.

ನಾನು ಎಲ್ಲಿಂದ ಬಂದವಳು ಎಂದು ಅವರು ಕೇಳಿದರು. ಪುಸ್ತಕದ ಹಾಳೆಯಲ್ಲಿ ನಮ್ಮೂರಿನ ನಕ್ಷೆ ಬರೆದೆ. ಇದು ರೈಲು ದಾರಿ. ಇವು ಲೈನ್ ಮನೆಗಳು. ಇವು ದಿಬ್ಬಗಳು, ಹದಿಮೂರು. ಇಲ್ಲಿಂದ ಮಳೆನೀರು ಹೀಗೆ ಇಳಿದು ಕೆರೆ ಕಡೆ ಹೋಗುತ್ತದೆ. ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಒಂದು ದಿಬ್ಬದ ಕಾಲ ಬುಡಕ್ಕೆ, ನೀರು ಇಳಿಯುವ ಗೆರೆಯ ಮೇಲೆ ಬೆರಳಿಟ್ಟು ಏನೋ ಕೇಳಿದರು.

"ಏನಂತೆ?" ಎಂದೆ.

"ಇಲ್ಲಿ ನೀರು ಹಿಡಿದು ನೋಡೋರು ಯಾರು ಅಂತ ಕೇಳ್ತಿದ್ದಾರೆ, ದೊಡ್ಡಮ್ಮ."

ನಾನು ಹಾಳೆಯನ್ನು ನನ್ನ ಕಡೆ ಎಳೆದುಕೊಂಡೆ. ಅವರು ಬೆರಳಿಟ್ಟ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಸುತ್ತು ಹಾಕಿದೆ. ನೀರನ್ನು ಯಾವ ಬಾಟಲಿಯಲ್ಲಿ ಹಿಡಿಯಬೇಕು, ಮಳೆಗೆ ಮೊದಲೋ ಆಮೇಲೋ, ಎಷ್ಟು ದಿನಕ್ಕೊಮ್ಮೆ ಅಂತ ಕೇಳು ಎಂದು ಕಿರಣನಿಗೆ ಹೇಳಿದೆ. ಹಿರಿಯರು ಎದ್ದು ಒಳಗೆ ಹೋಗಿ ಒಂದು ಹಳೇ ನೋಟ್‌ಬುಕ್ ತಂದರು. ಇನ್ನೊಂದು ಸುತ್ತು ಚಹಾ ಬಂತು. ಮೂರು ಗಂಟೆಯ ರೈಲು ಬಿಟ್ಟೆವು.